ಕೇಕು ಇನ್ನೂ ಹದಕ್ಕೆ ಬಂದಿಲ್ಲ

ಮದುವೆ ಮುಗಿದಿತ್ತು, ಊಟ ಮುಗಿದಿತ್ತು, ಫೋಟೋದವನು ಮದುಮಕ್ಕಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತಿರುಗಿಸಿ ತಾನೇ ಸುಸ್ತಾಗಿ ಕುರ್ಚಿ ಹಿಡಿದಿದ್ದ. ಉಳಿದದ್ದು ಒಂದೇ ಕೆಲಸ, ಕೇಕು ಕತ್ತರಿಸುವುದು. ಅದಕ್ಕೆ ಹೊತ್ತು ಗೊತ್ತು ಮಾಡಬೇಕಾದವನು ಮದುಮಗಳ ಅಪ್ಪ. ಅವನೋ, ಕೇಕಿನ ಮೇಜಿನ ಪಕ್ಕ ಕಾವಲುಗಾರನ ಹಾಗೆ ನಿಂತು ಮೀನಮೇಷ ಎಣಿಸುತ್ತಿದ್ದ.

ಅವನನ್ನು ಬಿಟ್ಟರೆ ಆ ಹೊತ್ತನ್ನು ಹೇಳುವ ಯೋಗ್ಯತೆ ಆ ಹಾಲ್‌ನಲ್ಲಿ ಇನ್ನಾರಿಗೂ ಇರಲಿಲ್ಲ ಅನ್ನಿ. ಕೇಕು ಮಾಡಿದವನೇ ಅವನು. ಓಣಿಯ ಮೂಲೆಯಲ್ಲಿ ಬೇಕರಿ ಇಟ್ಟುಕೊಂಡು ತಲೆ ನರೆಸಿಕೊಂಡವನು. ಹೆತ್ತವರು ಇಟ್ಟ ಹೆಸರು ಮಾಸಿಹೋಗಿ, ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಬ್ರೆಡ್ಡಣ್ಣ ಆಗಿಬಿಟ್ಟವನು. ಯಾರ ಮನೆಯ ಮದುವೆಗೆ ಕೇಕು ಕೊಟ್ಟರೂ ಜೊತೆಗೆ ಒಂದು ಉಪದೇಶವನ್ನೂ ಕಟ್ಟಿಕೊಡುತ್ತಿದ್ದ. "ನೋಡಿ, ಇದು ಬೆಣ್ಣೆ ಕೇಕು. ಫ್ರಿಜ್ಜಿಂದ ತೆಗೆದ ಕೂಡ್ಲೇ ಚಾಕು ಹಾಕಿದ್ರೆ ಮೇಣದ ಹಾಗೆ ಪುಡಿ ಪುಡಿ ಆಗುತ್ತೆ. ಹೊರಗಿಟ್ಟು ಕಾಯ್ಬೇಕು. ಹಾಗಂತ ಕಾಯ್ತಾನೇ ಕೂತ್ರೆ ಬೆಣ್ಣೆ ಸೋತು ಕೇಕು ಕುಸಿಯುತ್ತೆ. ನಡುವೆ ಒಂದು ಹದ ಇದೆ. ಆ ಹದ ತಪ್ಪಿಸ್ಕೊಂಡ್ರೆ ಆಮೇಲೆ ನನ್ನ ಬೈಬೇಡಿ." ಹದ ನೋಡುವುದಕ್ಕೆ ಅವನ ಬೇಕರಿಯಲ್ಲಿ ಒಂದೇ ಉಪಾಯ: ಕೇಕು ಕೂತ ಹಲಗೆಯ ಅಡಿಗೆ ಅಂಗೈ ತೂರಿಸುವುದು. ಹಲಗೆ ತಣ್ಣಗಿದ್ದರೆ ಕೇಕಿನ ಹೊಟ್ಟೆಯೂ ತಣ್ಣಗಿದೆ, ಕಾಯಬೇಕು. ತಣುವು ಬಿಟ್ಟಿದ್ದರೆ ಚಾಕು ಕೊಡಬಹುದು.

ಇವತ್ತು ಹಲಗೆಯ ತಣುವು ಬಿಟ್ಟು ಯಾವ ಕಾಲವಾಗಿತ್ತೋ. ಬ್ರೆಡ್ಡಣ್ಣನ ಅಂಗೈಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಿ ಮಾತ್ರ ಒಪ್ಪುತ್ತಿರಲಿಲ್ಲ.

ಕಾರಣ ಇಷ್ಟೇ. ಅಳಿಯ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಕೆಲಸ ಬೆಟ್ಟದಾಚೆಯ ಊರಿನಲ್ಲಿ. ಕತ್ತಲಾಗುವ ಮೊದಲು ಬೆಟ್ಟದ ರಸ್ತೆ ದಾಟಿಬಿಡಬೇಕು, ಆದ್ದರಿಂದ ಕೇಕು ಕತ್ತರಿಸಿದ ಕೂಡಲೇ ಮದುಮಕ್ಕಳು ಹೊರಡುವುದು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಆಗ ಎಲ್ಲರಿಗಿಂತ ಮೊದಲು "ಆಗ್ಲಿ, ಆಗ್ಲಿ" ಎಂದು ತಲೆಯಾಡಿಸಿದವನು ಬ್ರೆಡ್ಡಣ್ಣನೇ. ಈಗ ಕಾರು ಬಾಗಿಲಿಗೆ ಬಂದು ನಿಂತಿತ್ತು, ಮಗಳ ಪೆಟ್ಟಿಗೆಗಳು ಆಗಲೇ ಅದರೊಳಗೆ ಸೇರಿದ್ದವು. ಕೇಕಿಗೆ ಚಾಕು ಬಿತ್ತೋ, ಮಗಳು ಎದ್ದಳು. ಬೀಳದಿದ್ದರೆ ಅಷ್ಟು ಹೊತ್ತು ಇಲ್ಲೇ ಇರುತ್ತಾಳೆ, ಕಣ್ಣೆದುರಿಗೆ. ಇದು ದೊಡ್ಡವರು ಮಾಡುವ ಲೆಕ್ಕವಲ್ಲ, ಶಾಲೆಗೆ ಹೋಗಲೊಲ್ಲದೆ ಹೊಟ್ಟೆನೋವು ಅನ್ನುವ ಮಕ್ಕಳ ಲೆಕ್ಕ. ಆದರೆ ಸಂಕಟ ಬಂದಾಗ ವಯಸ್ಸಿನ ಮಾತು ಯಾರು ಕೇಳುತ್ತಾರೆ?

ಆ ಮಗಳು ಬೇಕರಿಯಲ್ಲೇ ಬೆಳೆದವಳು. ತೊಟ್ಟಿಲಿಗಿಂತ ಹೆಚ್ಚು ಮೈದಾ ಮೂಟೆಯ ಮೇಲೆ ಮಲಗಿದವಳು. ಅಪ್ಪ ಅವಳನ್ನು ಕರೆಯುತ್ತಿದ್ದುದೇ ಬಿಸ್ಕತ್ತು ಎಂದು. ಶಾಲೆ ಮುಗಿದ ಮೇಲೆ ಕೇಕಿನ ಮೇಲೆ ಹೂ ಬಿಡಿಸುವ ಕೆಲಸಕ್ಕೆ ತಾನಾಗಿಯೇ ಕೈಹಾಕಿದಳು, ನೋಡನೋಡುತ್ತ ಅಪ್ಪನನ್ನು ಮೀರಿಸಿದಳು. ತನ್ನ ಮದುವೆಯ ಕೇಕಿನ ಹೂವನ್ನೂ ತಾನೇ ಬಿಡಿಸುತ್ತೇನೆ ಅಂದಾಗ ಬ್ರೆಡ್ಡಣ್ಣ ಗದರಿ ಅವಳನ್ನು ಬೇಕರಿಯಿಂದ ಆಚೆ ಕಳಿಸಿದ್ದ. ಗುಲಾಬಿಗಳನ್ನೆಲ್ಲ ತಾನೇ ಕೂತು ಬಿಡಿಸಿದ. ಬೆಳಿಗ್ಗೆ ಕೇಕು ನೋಡಿದ ಮಗಳು ಅದರ ಸುತ್ತ ಒಂದು ಸುತ್ತು ಬಂದು, ಕೊನೆಗೆ "ಅಪ್ಪಾ, ಎಲೆಕೋಸು ತುಂಬಾ ಚೆನ್ನಾಗಿ ಬಂದಿದೆ" ಅಂದಿದ್ದಳು.

ಮೊದಲು ವಿಚಾರಿಸಲು ಬಂದವರು ಬೀಗರು. ದರ್ಜಿ ಕೆಲಸದವರು, ಮಾತನ್ನೂ ಅಳತೆ ಹಿಡಿದು ಆಡುವ ಮನುಷ್ಯ. "ಬೀಗರೇ, ಹೊತ್ತಾಗ್ತಾ ಬಂತು. ಕತ್ತರಿಸಿಬಿಡೋಣ್ವಾ?"

ಬ್ರೆಡ್ಡಣ್ಣ ಹಲಗೆಯ ಅಡಿಗೆ ಅಂಗೈ ತೂರಿಸಿದ. ನಾಡಿ ಹಿಡಿದ ವೈದ್ಯನ ಹಾಗೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. "ಇಲ್ಲ ಬೀಗರೇ. ಒಳಗಿನ್ನೂ ತಣ್ಣಗಿದೆ. ಹದಕ್ಕೆ ಬಂದಿಲ್ಲ."

"ಹೌದಾ? ಹಾಗಾದ್ರೆ ಕಾಯೋಣ. ಬಟ್ಟೆ ವಿಷಯ ಆಗಿದ್ರೆ ನಾನೇ ಹೇಳ್ತಿದ್ದೆ. ಇದು ನಿಮ್ಮ ಕಸುಬು, ನೀವು ಹೇಳಿದ್ಮೇಲೆ ಮುಗೀತು."

ಅಷ್ಟು ಒಳ್ಳೆಯತನದಿಂದ ಹೇಳಿ ಅವರು ಹೋದಾಗ ಬ್ರೆಡ್ಡಣ್ಣನಿಗೆ ನಾಚಿಕೆಯಾಯಿತು. ಆದರೆ ಸ್ವಲ್ಪ ಹೊತ್ತು ಕೈಗೆ ದಕ್ಕಿತ್ತು, ಅದನ್ನು ಅವನು ಹಾಳುಮಾಡಲಿಲ್ಲ. ವೇದಿಕೆಯ ಮೇಲೆ ಕೂತ ಮಗಳನ್ನು ನೋಡುತ್ತ ನಿಂತ. ಅವಳು ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಕ್ಕಳು, ಸೀರೆಯ ಸೆರಗು ಸರಿಮಾಡಿಕೊಂಡಳು, ಚಪ್ಪಲಿ ಕಚ್ಚಿತೋ ಏನೋ, ಕುರ್ಚಿಯ ಕೆಳಗೆ ಕಾಲು ಬಿಡಿಸಿಕೊಂಡಳು. ನೋಡಿದಷ್ಟೂ ಅವನಿಗೆ ಸಾಲದು.

ಎರಡನೆಯ ಸಲ ಬಂದವಳು ಹೆಂಡತಿ. ಅವಳ ಹತ್ತಿರ ಅಂಗೈ ವೈದ್ಯ ನಡೆಯುವುದಿಲ್ಲ ಎಂದು ಗೊತ್ತಿದ್ದುದರಿಂದ ಬ್ರೆಡ್ಡಣ್ಣ ಫ್ಯಾನು ತೋರಿಸಿದ. "ಅದರ ಗಾಳಿ ಮೇಲುಗಡೆ ಮಾತ್ರ ಬಡೀತಿದೆ ಕಣೇ. ಕೇಕು ಒಂದೇ ಸಮ ಹದಕ್ಕೆ ಬರ್ಬೇಕಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು ಅವಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. "ನನಗೇನು ಕರುಳು ಚುರುಕ್ ಅನ್ನಲ್ವೇನ್ರೀ? ಅಳೋದನ್ನ ನಾನು ನಿನ್ನೇನೇ ಬಚ್ಚಲಲ್ಲಿ ಕೂತು ಅತ್ತು ಮುಗಿಸ್ದೆ. ನೀವು ಅಳದೇ ಇಟ್ಕೊಂಡು ಈಗ ಕೇಕಿನ ಮೇಲೆ ಹಾಕ್ತಿದೀರಿ."

"ನಾನ್ಯಾಕೆ ಅಳ್ಲಿ?" ಅಂದ ಬ್ರೆಡ್ಡಣ್ಣ. ಅವಳು ಹಣೆ ಚಚ್ಚಿಕೊಂಡು ಹೋದಳು.

ಅಷ್ಟರಲ್ಲಿ ಇಳಿಬಿಸಿಲು ಕಿಟಕಿಯಿಂದ ಜಾರಿ ಮೇಜಿನ ಕಾಲಿಗೆ ಬಂದಿತ್ತು. ಕೇಕಿನ ಮೇಲಿನ ಅಂತಸ್ತು, ತೂಕಡಿಸುವ ಮುದುಕನ ತಲೆಯ ಹಾಗೆ, ಒಂದು ಕಡೆಗೆ ತುಸು ವಾಲಿತು. ಅಂಚಿನ ಬೆಣ್ಣೆ ಹೊಳೆಯತೊಡಗಿತು. ಬೇರೆ ಯಾರ ಮದುವೆಯಲ್ಲಾದರೂ ತನ್ನ ಕೇಕಿಗೆ ಈ ಗತಿ ಬಂದಿದ್ದರೆ ಬ್ರೆಡ್ಡಣ್ಣ ಕೂಗಾಡಿ ಹಾಲ್ ಒಂದು ಮಾಡುತ್ತಿದ್ದ. ಇಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ನೆಂಟರು ಗಡಿಯಾರ ನೋಡಿದರು, ಮುಖ ಮುಖ ನೋಡಿಕೊಂಡರು. ಕೇಕು ವಾಲುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಮಾಡಿದವನಿಗೇ ಹೋಗಿ ಹೇಳಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೊರಗೆ ಕಾರಿನವನು ಹಾರ್ನ್ ಹೊಡೆದ. ಅಳಿಯ ಎದ್ದು ನಾಲ್ಕು ಹೆಜ್ಜೆ ಬಂದವನು ಮಾವನ ಮುಖ ನೋಡಿ ಹಾಗೆಯೇ ಹಿಂದಿರುಗಿದ. ಕರೆಂಟಿನ ತಂತಿಗೆ ಹೆದರದ ಹುಡುಗ, ಹೆಂಡತಿಗೆ "ನೀನೇ ಹೋಗಿ ಕೇಳು" ಅಂದ.

ಮಗಳು ಬಂದಳು. ಬರಿಗಾಲಲ್ಲೇ ಬಂದಳು. ಅಪ್ಪನನ್ನು ಏನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಹಲಗೆಯ ಅಡಿಗೆ ಅಂಗೈ ತೂರಿಸಿದಳು.

ಇಡೀ ಹಾಲ್‌ನಲ್ಲಿ ಬ್ರೆಡ್ಡಣ್ಣನ ಸುಳ್ಳನ್ನು ಮುಟ್ಟಿ ನೋಡಬಲ್ಲವಳು ಅವಳೊಬ್ಬಳೇ. ಆ ಅಂಗೈಗೆ ಹದ ಕಲಿಸಿದವನೂ ಅವನೇ. ಎಲ್ಲರ ಎದುರು ಈಗ ತನ್ನ ಬಣ್ಣ ಬಯಲಾಯಿತು ಎಂದು ತಲೆ ತಗ್ಗಿಸಿದ.

ಮಗಳು ಕೈ ತೆಗೆದಳು. ಹಾಲ್ ಕಡೆಗೆ ತಿರುಗಿ, ಗ್ರಾಹಕರಿಗೆ ಹೇಳುವ ದನಿಯಲ್ಲಿ ಹೇಳಿದಳು: "ಅಪ್ಪ ಹೇಳಿದ್ದು ಸರಿ. ಇನ್ನೂ ಹದಕ್ಕೆ ಬಂದಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಕಾಯ್ಬೇಕು."

ಅವಳ ಮಾತು ಮುಗಿಯುವುದಕ್ಕೂ ಒಂದು ಎಲೆಕೋಸು ಗುಲಾಬಿ ಅಂಚಿನಿಂದ ಕಿತ್ತುಕೊಂಡು ಮೇಜಿನ ಮೇಲೆ ಪಚಕ್ಕನೆ ಬೀಳುವುದಕ್ಕೂ ಸರಿಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಬ್ರೆಡ್ಡಣ್ಣ ಮಗಳ ತೋಳು ಹಿಡಿದು ಕಿಟಕಿಯ ಹತ್ತಿರಕ್ಕೆ ಕರೆದುಕೊಂಡು ಹೋದ. "ಬಿಸ್ಕತ್ತು, ಯಾಕಮ್ಮಾ ಸುಳ್ಳು ಹೇಳ್ದೆ?"

"ನೀನ್ಯಾಕೆ ಹೇಳ್ದೆ?"

"ನನ್ನ ವಿಷಯ ಬಿಡು. ನನಗೆ ಅರವತ್ತಕ್ಕೆ ಮೊದ್ಲೇ ಅರಳುಮರಳು. ನನ್ನ ಮರ್ಯಾದೆ ಉಳಿಸೋಕೆ ನೀನು ಸುಳ್ಳು ಹೇಳ್ಬಾರ್ದು."

"ನಿನಗೋಸ್ಕರ ಹೇಳಿದ್ದಲ್ಲಪ್ಪ." ಅವಳು ಅವನ ಅಂಗಿಯ ಗುಂಡಿ ಹಿಡಿದು ತಿರುಗಿಸತೊಡಗಿದಳು; ಚಿಕ್ಕಂದಿನಲ್ಲಿ ಹೀಗೇ ಮಾಡಿ ಎಷ್ಟು ಗುಂಡಿ ಕಿತ್ತಿದ್ದಳೋ. "ನೀನು ಇನ್ನೂ ಆಗಿಲ್ಲ ಆಗಿಲ್ಲ ಅಂದಾಗೆಲ್ಲ ನಂಗೆ ಅಬ್ಬಾ, ಸದ್ಯ ಅನ್ಸ್ತಿತ್ತು. ಅಲ್ಲಿ ನಂಗೆ ಒಬ್ರೂ ಗೊತ್ತಿಲ್ಲ. ಇವರು ಬೆಳಿಗ್ಗೆ ಕಂಬ ಹತ್ತೋಕೆ ಹೋದ್ರೆ ದಿನವೆಲ್ಲ ನಾನು ಯಾರ ಮುಖ ನೋಡ್ಕೊಂಡು ಕೂರ್ಲಿ? ಎದ್ದಾಗ ಬ್ರೆಡ್ಡಿನ ವಾಸನೆ ಕೂಡ ಇರಲ್ಲ. ಇವರು ಒಳ್ಳೆಯವರೇ. ಆದ್ರೂ ಭಯ ಆಗ್ತಿದೆ ಅಪ್ಪಾ, ತುಂಬಾ ಭಯ ಆಗ್ತಿದೆ."

ಬ್ರೆಡ್ಡಣ್ಣನಿಗೆ ಯಾರೋ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಬೆಳಗಿನಿಂದ ಮಗಳನ್ನೇ ನೋಡುತ್ತಿದ್ದೇನೆ ಅಂದುಕೊಂಡಿದ್ದ. ನೋಡಿದ್ದು ಅವಳ ನಗುವನ್ನು, ಸೆರಗನ್ನು, ಕಾಲನ್ನು. ಈ ಭಯವನ್ನು ನೋಡಿಯೇ ಇರಲಿಲ್ಲ. ತನ್ನ ಸಂಕಟದ ಮಂಜು ಕಣ್ಣಿಗೆ ಅಷ್ಟು ದಟ್ಟವಾಗಿ ಕಟ್ಟಿತ್ತು. ಹೆದರಿದ ಮಗುವಿನ ಎದುರು ಅಪ್ಪನೂ ಮಗುವಾಗಿ ಕೂತುಬಿಟ್ಟರೆ ಆ ಮಗು ಎಲ್ಲಿಗೆ ಹೋಗಬೇಕು?

"ಇರ್ಲಿಬಿಡು, ಹೋಗ್ಬೇಡ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಅವನು ಕಷ್ಟಪಟ್ಟು ನುಂಗಿದ.

"ನೋಡು," ಅಂದ. "ನಾನು ಈ ಓಣಿಗೆ ಬಂದಾಗ ನನಗೂ ಒಂದು ನರಪಿಳ್ಳೇನೂ ಗೊತ್ತಿರ್ಲಿಲ್ಲ. ಮೊದಲನೇ ದಿನ ಮಾಡಿದ ಬ್ರೆಡ್ಡು ಯಾರೂ ಮುಟ್ಟಲಿಲ್ಲ. ರಾತ್ರಿ ನಾನೂ ನಿಮ್ಮಮ್ಮನೂ ಅದನ್ನೇ ತಿಂದು ಮಲಗಿದ್ವಿ. ಮಾರನೇ ದಿನ ಎದ್ದು ಮತ್ತೆ ಹಿಟ್ಟು ನಾದಿದೆ. ಭಯ ಹೋಗಿತ್ತು ಅಂತಲ್ಲ, ಭಯದಲ್ಲೇ ನಾದಿದೆ."

"ನೀನು ನಾದಿದೆ. ನಾನು ಅಲ್ಲಿ ಏನು ಮಾಡ್ಲಿ?"

"ಬ್ರೆಡ್ಡಿನ ವಾಸನೆ ಇಲ್ಲದ ಊರು ಅಂದ್ರೆ ಏನರ್ಥ? ಬೇಕರಿ ಇಲ್ಲ ಅಂತರ್ಥ. ನಿನ್ನ ಕೈ ನಿನ್ನ ಜೊತೇಲೇ ಬರುತ್ತಲ್ಲ, ದಡ್ಡಿ! ಗುಲಾಬಿ ಬಿಡಿಸೋದ್ರಲ್ಲಿ ನನಗಿಂತ ಮೇಲು ನೀನು. ಅದಂತೂ ಇವತ್ತು ಊರಿಗೆಲ್ಲ ಗೊತ್ತಾಯ್ತು."

ಅವಳು ಅಳುತ್ತಲೇ ನಕ್ಕಳು. ಆ ನಗುವಿನಲ್ಲಿ ಭಯ ಇನ್ನೂ ಇತ್ತು. ಇರಲಿ, ಅದನ್ನು ತೆಗೆದುಹಾಕುವ ಶಕ್ತಿ ತನಗಿಲ್ಲ ಎಂದು ಬ್ರೆಡ್ಡಣ್ಣನಿಗೆ ಗೊತ್ತಿತ್ತು. ಅವನು ಮಗಳ ಕೈ ಹಿಡಿದುಕೊಂಡೇ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಎಲ್ರೂ ಬನ್ನಿ, ಕೇಕು ಕತ್ತರಿಸೋಣ. ಇದು ಹದಕ್ಕೆ ಬಂದು ತುಂಬಾ ಹೊತ್ತಾಯ್ತು. ಸುಳ್ಳು ಹೇಳಿ ಕಾಯಿಸಿದ್ದು ನಾನು, ಮಗಳಲ್ಲ. ಬೀಗರೇ, ತಪ್ಪು ತಿಳ್ಕೋಬೇಡಿ."

"ಅಯ್ಯೋ ಬಿಡಿ ಬೀಗರೇ," ಅಂದರು ದರ್ಜಿ ಬೀಗರು. "ಬಟ್ಟೆಗೆ ಕತ್ತರಿನೇ ಹಾಕದೆ, ಗುಂಡಿ ಕಾಜಾ ಒಂದು ಬಾಕಿ ಅಂತ ನಾನು ಹೇಳಿರೋ ಸುಳ್ಳುಗಳ ಮುಂದೆ ಇದ್ಯಾವ ಲೆಕ್ಕ?" ಹಾಲ್ ಗೊಳ್ಳೆಂದು ನಕ್ಕಿತು. ಹೆಂಡತಿಯೂ ನಕ್ಕಳು, ನಗುತ್ತಲೇ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಬ್ರೆಡ್ಡಣ್ಣ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮಗಳ ಕೈಗೆ ಕೊಟ್ಟ. ಅಳಿಯ ಅವಳ ಕೈ ಮೇಲೆ ಕೈ ಇಟ್ಟ. ಚಾಕು ಇಳಿಯಿತು, ಅರ್ಧಕ್ಕೆ ಬಂದು ನಿಂತಿತು. ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು.

ಅವನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡ.

"ಅರ್ಧಕ್ಕೆ ನಿಲ್ಲಿಸ್ಬೇಡ ಮಗಳೇ. ಎತ್ತುವಾಗ ಹರಿಯುತ್ತೆ. ಒತ್ತು, ಹಲಗೆ ತಾಗೋವರೆಗೂ ಒತ್ತು," ಅಂದ. "ಅಳಿಯಂದ್ರೇ, ನೀವೂ ಸ್ವಲ್ಪ ಕೈ ಜೋಡಿಸಿ."

ಇಬ್ಬರೂ ಒತ್ತಿದರು. ತುಂಡು ಎದ್ದು ಬಂತು, ತುಸು ವಾಲಿಕೊಂಡೇ ಬಂತು. ಜನ ಚಪ್ಪಾಳೆ ತಟ್ಟಿದರು, ತಟ್ಟೆಗಳು ಕೈಯಿಂದ ಕೈಗೆ ಹೋದವು. ಮಗಳು ಎಲ್ಲರಿಗೂ ಕೇಕು ಕೊಡುತ್ತ ಹೋದಳು, ದೊಡ್ಡಮ್ಮಂದಿರ ಜೊತೆ ಮಾತಿಗೆ ನಿಂತಳು, ಅತ್ತಿಗೆಯ ಮಗುವನ್ನು ಎತ್ತಿಕೊಂಡಳು, ಇಳಿಸಿದವಳು ಮತ್ತೆ ಎತ್ತಿಕೊಂಡಳು. ಅಳಿಯ ಬಾಗಿಲ ಕಡೆಗೊಮ್ಮೆ ಅವಳ ಕಡೆಗೊಮ್ಮೆ ನೋಡುತ್ತಿದ್ದ. ಬೀಗರು ಖಾಲಿಯಾದ ತಟ್ಟೆಯನ್ನು ಇನ್ನೂ ಹಿಡಿದುಕೊಂಡೇ ಇದ್ದರು. ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗುತ್ತಿತ್ತು, ಬೆಟ್ಟದ ರಸ್ತೆ ದೂರವಿತ್ತು. ಹೊರಡುವ ಮಾತನ್ನು ಯಾರಾದರೂ ಎತ್ತಲೇಬೇಕಿತ್ತು.

"ಬಿಸ್ಕತ್ತು, ಚಪ್ಪಲಿ ಹಾಕ್ಕೋ," ಅಂದ ಬ್ರೆಡ್ಡಣ್ಣ. "ಹೊತ್ತಾಗುತ್ತೆ. ಹೊರಡಿ."