ಬದನೆ ಪಾತಿ

"ಯಾರಪ್ಪ ಅದು, ಬದ್ನೆ ಪಾತಿಗೆ ಗುದ್ಲಿ ಆಕಿರೋರು?"

ವಸಂತಮ್ಮ ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಗಿಡ ಬೇರುಸಹಿತ ಮಗುಚಿ ಬಿದ್ದಿದ್ದವು. ಮೈತುಂಬ ಕಾಯಿ ಬಿಟ್ಟ ಗಿಡಗಳು. ಗುದ್ದಲಿ ಹಿಡಿದಿದ್ದ ಇಬ್ಬರು ಅವಳ ಮುಖ ನೋಡಿ, ಆಮೇಲೆ ಹಿಂದೆ ನಿಂತಿದ್ದ ಅವಳ ಮೈದುನ ಚಿನ್ನಸ್ವಾಮಿಯ ಮುಖ ನೋಡಿದರು. ಅವನ ಅಣ್ಣ, ವಸಂತಮ್ಮನ ಗಂಡ ಹೊನ್ನಯ್ಯ, ಹಿಂದಿನ ದಿನ ಮಧ್ಯಾಹ್ನ ಇದೇ ಹಿತ್ತಲಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಈಗ ಮುಂದಿನ ಜಗಲಿಯಲ್ಲಿ, ಹಣೆಗೆ ವಿಭೂತಿ ಬಳಿದು ಸೇವಂತಿಗೆ ಹಾರ ಹಾಕಿ, ಅವನನ್ನು ಗೋಡೆಗೊರಗಿಸಿ ಕೂರಿಸಿದ್ದರು.

"ಅತ್ಗೆ, ಎಲ್ರೂ ಮಾತಾಡ್ಕಂಡ್ವಿ," ಎಂದ ಚಿನ್ನಸ್ವಾಮಿ. "ಅಣ್ಣಂಗೆ ಈ ಹಿತ್ಲು ಅಂದ್ರೆ ಪ್ರಾಣ. ಇಲ್ಲೇ ಮಣ್ಣು ಮಾಡ್ಬುಡವ. ಮೇಲೊಂದು ಕಟ್ಟೆ ಕಟ್ಟಿ, ಗ್ರಾನೈಟು ಆಕ್ಸಿ..."

"ಎಲ್ರೂ ಅಂದ್ರೆ ಯಾರು? ನನ್ನ ಕೇಳುದ್ರಾ?"

"ನೀನು ಅಳ್ತಾ ಕೂತಿದ್ದೆ."

"ನಾನೆಲ್ಲಿ ಅಳ್ತಿದ್ದೆ? ಬಂದೋರ್ಗೆ ಚಾಪೆ ಆಸ್ತಿದ್ದೆ!"

ಅದು ನಿಜವೇ. ಬೆಳಗಿನಿಂದ ಅವಳಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಬಂದವರೆಲ್ಲ ಅವಳ ಕೈ ಹಿಡಿದುಕೊಂಡು ಊಟದ ಮಾತೇ ತೆಗೆಯುತ್ತಿದ್ದರು. ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಹೊನ್ನಯ್ಯ ಅಟೆಂಡರ್ ಆಗಿದ್ದಾಗ ಅಲ್ಲಿ ಗುಮಾಸ್ತರಾಗಿದ್ದ ಗುರುಪಾದಸ್ವಾಮಿ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು: "ಹೊನ್ನಯ್ಯನ ಮನೇಲಿ ಸಂಜೆ ಉಪ್ಸಾರು ಉಂಡ್ಮೇಲೆ ಬೇರೆ ಕಡೆ ಅನ್ನ ಸೇರ್ತಿರ್ಲಿಲ್ಲ ಕಣಮ್ಮ. ಅವ್ನ ಮನೆ ಊಟ ಅಂದ್ರೆ ಊಟ. ಏನು ಕೈರುಚಿ ಅವ್ನದು!"

ಅವನದಾ? ವಸಂತಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಇನ್ನೊಂದು ಚಾಪೆ ತರಲು ಒಳಗೆ ಹೋಗಿದ್ದಳು.

*

ಹೊನ್ನಯ್ಯ ಕೆಲಸದಲ್ಲಿದ್ದಷ್ಟು ಕಾಲವೂ ಮಧ್ಯಾಹ್ನ ಎರಡು ಇಡ್ಲಿಗಿಂತ ಹೆಚ್ಚು ತಿಂದವನಲ್ಲ. ಹಸಿವನ್ನೆಲ್ಲ ಸಂಜೆಗೆ ಕೂಡಿಟ್ಟುಕೊಂಡು ಬರುತ್ತಿದ್ದ. ಅಗರದ ಸ್ಟಾಪಿನಲ್ಲಿ ಬಸ್ಸಿಳಿದು ಮನೆಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ನೇರ ಹಿತ್ತಲಿಗೆ.

"ಎಸ್ರು ಕಾದದಾ?" ಎಂದು ಅಲ್ಲಿಂದ ಕೂಗುತ್ತಿದ್ದ.

"ಈಗ ಇಟ್ಟಿದೀನಿ. ನೀವು ಕೂಯ್ದು ಕೊಡಿ ಮೊದ್ಲು."

"ಕಾದ್ಮೇಲೆ ಕೂಗು, ಆಗ ಕೂಯ್ತೀನಿ. ಸುಮ್ನೆ ಬಾಡ್ಸಬಾರ್ದು."

ಗಿಡದಿಂದ ಒಲೆಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಬಾಡುವ ಸೊಪ್ಪು ಯಾವ ಸೀಮೆಯದೋ ಎಂದು ಅವಳಿಗೆ ಮೂವತ್ತೆಂಟು ವರ್ಷದಲ್ಲಿ ತಿಳಿಯಲಿಲ್ಲ. ಒಂದು ದಿನ ನಾಲ್ಕು ಬದನೆಕಾಯಿ, ಒಂದು ದಿನ ಬೊಗಸೆ ಅವರೆಕಾಯಿ, ಇನ್ನೊಂದು ದಿನ ಒಂದು ಹಿಡಿ ಕೀರೆ ಸೊಪ್ಪು, ಅದರ ಜೊತೆಗೆ ಎಳೆ ಹೀರೆಕಾಯಿ ಒಂದೇ ಒಂದು. ಅದನ್ನು ಮಗುವನ್ನು ಎತ್ತಿಕೊಂಡು ಬಂದಂತೆ ತಂದು ಕೊಡುತ್ತಿದ್ದ. ಬೆಳಿಗ್ಗೆ ಮಾಡಿದ ಸಾರು ಎಷ್ಟು ಉಳಿದಿದ್ದರೂ ಸರಿಯೆ, ಸಂಜೆಗೆ ಹೊಸದಾಗಿ ಕಾಳು ಬೇಯಬೇಕು, ಕಟ್ಟು ಬಸಿಯಬೇಕು, ಕಲ್ಲಿನ ಮೇಲೆ ಖಾರ ಅರೆಯಬೇಕು. ಮಿಕ್ಸಿ ಬಂದ ಮೇಲೂ ಕಲ್ಲೇ ಆಗಬೇಕು. ಅವನು ಉಂಡು, ಅವನು ಕರೆತಂದವರು ಉಂಡು, ಮಗಳು ರೋಜಾ ಉಂಡು, ತಾನು ಕೂರುವ ಹೊತ್ತಿಗೆ ಮುದ್ದೆ ಆರಿ ಬಿಗಿದುಕೊಂಡಿರುತ್ತಿತ್ತು. ಅಷ್ಟಾದರೂ ರುಚಿ ಇರುತ್ತಿತ್ತು. ಅದೇ ಅವಳನ್ನು ಇನ್ನಷ್ಟು ರೇಗಿಸುತ್ತಿತ್ತು. ಬೈಯಲು ಕಾರಣವೇ ಉಳಿಯುತ್ತಿರಲಿಲ್ಲ.

ಒಮ್ಮೆ ತವರಿನಲ್ಲಿ ಅವ್ವ ಹಾಸಿಗೆ ಹಿಡಿದಳೆಂದು ಹೂಗ್ಯಂಗೆ ಹೋಗಿದ್ದಳು. ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಹೊನ್ನಯ್ಯ. ಮೂರು ಬಸ್ಸು ಬದಲಿಸಿ, ಒದ್ದೆ ಬಟ್ಟೆ ಸುತ್ತಿದ ಸೊಪ್ಪಿನ ಕಂತೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದ. ಅತ್ತೆ ಹೇಗಿದ್ದಾರೆ ಎಂದು ಕೇಳುವ ಮೊದಲೇ, "ಎಸ್ರು ಇಟ್ಟಿದೀಯಾ?" ಎಂದ.

ವಸಂತಮ್ಮ ಕೈಯಲ್ಲಿದ್ದ ಪಾತ್ರೆಯ ಮುಚ್ಚಳ ಬೀಸಿ ಎಸೆದಳು. ಅದು ಅವನ ಮೊಣಕಾಲಿಗೆ ಬಡಿದು ಅಂಗಳದವರೆಗೂ ಉರುಳಿಕೊಂಡು ಹೋಯಿತು. ಅವನು ಹೋಗಿ ಎತ್ತಿಕೊಂಡು ಬಂದು ತೊಳೆದುಕೊಟ್ಟ. ಅವಳು ಒಲೆ ಹಚ್ಚಿದಳು. ಎರಡು ದಿನದಿಂದ ಏನೂ ನುಂಗದಿದ್ದ ಅವ್ವ ಆ ಸಂಜೆ ಎದ್ದು ಕೂತು, ಅರ್ಧ ಮುದ್ದೆ ಉಂಡು, ಬೆರಳು ನೆಕ್ಕಿ ಹೇಳಿದಳು:

"ನಿನ್ ಗಂಡನ್ ಸಾರು ಸಂದಾಗದೆ ಕಣವ್ವ."

ಹೆತ್ತ ತಾಯಿಯೂ!

*

"ಗುದ್ಲಿ ಎತ್ತಿ," ಎಂದಳು ವಸಂತಮ್ಮ. "ಕಾಲ್ವೆ ಪಕ್ಕ ನಮ್ ಜಮೀನದೆ. ಅತ್ತೆ ಮಾವ ಅಲ್ಲೇ ಅವ್ರೆ. ಅಲ್ಲೇ ಮಣ್ಣು ಮಾಡಿ."

ಗಲಾಟೆ ಕೇಳಿ ಹೊನ್ನಯ್ಯನ ಅಕ್ಕ ರಾಚಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ರೋಜಾ. "ಬದ್ಕಿರೋಗಂಟ ಪ್ರಾಣ ಇಟ್ಕಂಡಿದ್ದ ಜಾಗ್ದಲ್ಲಿ ನನ್ ತಮ್ಮ ಮಲಿಕ್ಕಬಾರ್ದಾ ವಸಂತ? ನಿಂಗ್ಯಾಕೆ ಇಷ್ಟು ಕಲ್ಲು ಮನ್ಸು?"

"ಅವ್ರು ಇಲ್ಲಿ ಮಲಿಕ್ಕಂಡ್ರೆ ನಾಳಿಕೆ ನಾನು ಇಲ್ಲಿ ಕೂಯ್ದು ಉಣ್ಣೋದೆಂಗಕ್ಕ?"

ಬೇಲಿಯಾಚೆ ನಿಂತಿದ್ದವರೂ ತಿರುಗಿ ನೋಡಿದರು.

"ಎಣ ಇನ್ನೂ ಜಗ್ಲಿ ಮ್ಯಾಲದೆ," ಎಂದಳು ರಾಚಮ್ಮ. "ಇವ್ಳು ಉಣ್ಣೋ ಮಾತಾಡ್ತಳಲ್ಲ!"

"ಬೆಳಗಿಂದ ನೀವೆಲ್ಲ ಆಡ್ತಿರೋದು ಇನ್ಯಾವ ಮಾತು? ಉಪ್ಸಾರು, ಅವ್ರೆಕಾಯಿ, ಬದ್ನೆಕಾಯಿ. ನೀವಾಡುದ್ರೆ ದುಕ್ಕ, ನಾನಾಡುದ್ರೆ ತೆಪ್ಪಾ?" ವಸಂತಮ್ಮ ಪಾತಿಯತ್ತ ಕೈ ತೋರಿಸಿದಳು. "ಪಾತಿ ಮಾಡ್ದೋರು ಅವ್ರು, ಇಲ್ಲ ಅನ್ನಲ್ಲ. ಬೇಯ್ಸುದ್ದು ಯಾರು? ಒಬ್ರಾದ್ರೂ ಒಂದ್ಜಿನ ಅಂದ್ರಾ? ಅವ್ರೂ ಅನ್ನಲಿಲ್ಲ. ಇನ್ನು ನಾನೊಬ್ಳೇ ಕೂಯ್ದು ನಾನೊಬ್ಳೇ ಬೇಯ್ಸಿ ಉಣ್ಬೇಕು. ಅದ್ಕೂ ಗ್ರಾನೈಟು ಆಕ್ಬುಟ್ರೆ ನಾನೇನು ಕಲ್ಲು ಬೇಯ್ಸಲಾ?"

ಚಿನ್ನಸ್ವಾಮಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರೋಜಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಪಾತಿಗಿಳಿದಳು. ಬಿದ್ದಿದ್ದ ಎರಡೂ ಗಿಡಗಳನ್ನು ಎತ್ತಿ ಹಳ್ಳದಲ್ಲಿ ನಿಲ್ಲಿಸಿ, ಬುಡಕ್ಕೆ ಮಣ್ಣು ಎಳೆದು ಕಾಲಲ್ಲಿ ಒತ್ತಿದಳು. "ಚಿಕ್ಕಪ್ಪ, ಅವ್ವ ಯೋಳ್ದಂಗೇ ಆಗ್ಲಿ," ಎಂದಳು.

ಹೊನ್ನಯ್ಯನನ್ನು ಕಾಲುವೆಯ ಪಕ್ಕದ ಜಮೀನಿಗೆ ಹೊತ್ತರು. ಹಿಡಿ ಮಣ್ಣು ಹಾಕುವಾಗ ವಸಂತಮ್ಮನ ಕೈಗೆ ಹೆಂಟೆ ಸಿಕ್ಕಿತು. ಹಿಂದಿನವರು ಕಾಯುತ್ತಿದ್ದರೂ ಅವಳು ಅದನ್ನು ಎರಡೂ ಅಂಗೈಯಲ್ಲಿ ತಿಕ್ಕಿ, ಬೀಜಕ್ಕೆ ಹದ ಮಾಡುವಂತೆ ಪುಡಿ ಮಾಡಿ, ಆಮೇಲೆ ಉದುರಿಸಿದಳು. ಆಗ ಅಳು ಬಂತು. ತಡೆಯುವಷ್ಟರಲ್ಲಿ ಬಂದುಬಿಟ್ಟಿತ್ತು.

*

ಮಿಂದು ಬಂದಾಗ ಸಂಜೆಯಾಗಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚಿನ್ನಸ್ವಾಮಿ ಯಳಂದೂರಿನಿಂದ ಅನ್ನ, ಸಾರು ತರಿಸಿದ್ದ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿದ ಸಾರು ನೀರು ನೀರಾಗಿತ್ತು. ರಾಚಮ್ಮ ಎರಡು ತುತ್ತು ತಿಂದು ತಟ್ಟೆ ದೂಡಿದಳು. ಯಾರೂ ಸರಿಯಾಗಿ ಉಣ್ಣಲಿಲ್ಲ.

ವಸಂತಮ್ಮ ಎದ್ದು ಹಿತ್ತಲಿಗೆ ಹೋದಳು. ಕಿತ್ತು ನೆಟ್ಟ ಗಿಡಗಳಲ್ಲಿ ಕಾಯಿಗಳನ್ನು ಹಾಗೇ ಉಳಿಸಿದರೆ ಗಿಡ ಬದುಕುವುದಿಲ್ಲ. ಎಲ್ಲವನ್ನೂ ಕೊಯ್ದು ಮಡಿಲಿಗೆ ಹಾಕಿಕೊಂಡು ಪಕ್ಕದ ಮನೆಯ ಹಿತ್ತಲೊಲೆ ಕಾಣುವ ಮೋಟುಗೋಡೆಯ ಹತ್ತಿರ ನಿಂತಳು.

"ರತ್ನಾ, ನಿನ್ನೊಲೆ ಉರೀತಾ ಅದಾ?"

"ಉರೀತದೆ ವಸಂತಕ್ಕ. ಮುದ್ದೆಗಿಟ್ಟಿದೀನಿ."

"ತಕ್ಕ ಇವ್ನ. ಕೆಂಡುದ್ ಮ್ಯಾಲೆ ಸುಟ್ಟು ಗೊಜ್ಜು ಮಾಡು. ಉಣ್ಸೆಹುಳಿ ವಸೀನೇ ಬುಡು. ಸಿಪ್ಪೆ ತಗ್ಯಕ್ಕೆ ನೀರಿಗಾಕ್ಬ್ಯಾಡ, ರುಚಿ ಓಯ್ತದೆ... ಅಯ್ಯೋ, ಅಂಗಲ್ಲ ಕಣವ್ವ, ಉರಿ ತಗಿ ಮೊದ್ಲು, ಕೆಂಡ ಅಂದ್ನಲ್ಲ!"

ಹೀಗೆ ಗೋಡೆಯ ಈಚೆ ನಿಂತೇ, ಹಣೆ ಚಚ್ಚಿಕೊಳ್ಳುತ್ತ, ಅರ್ಧ ಗಂಟೆ ಅಡುಗೆ ಮಾಡಿಸಿದಳು.

ರತ್ನ ಗೊಜ್ಜು, ಮುದ್ದೆ ಹೊತ್ತು ಒಳಗೆ ಬಂದಾಗ ಸುಟ್ಟ ಬದನೆಯ ವಾಸನೆಗೆ ಪಡಸಾಲೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಮೊದಲು ಯಾರಿಗೆ ಬಡಿಸುವುದೋ ತಿಳಿಯದೆ ರತ್ನ ಗಂಡಸರ ಕಡೆ ನೋಡಿದಳು. ಅಷ್ಟರಲ್ಲಿ ವಸಂತಮ್ಮ ಗೋಡೆಯ ಪಕ್ಕ ಕಾಲು ಮಡಚಿ ಕೂತು ತಟ್ಟೆ ಎಳೆದುಕೊಂಡಿದ್ದಳು.

ಮುದ್ದೆಯಿಂದ ಹಬೆ ಏಳುತ್ತಿತ್ತು. ಮುರಿದದ್ದೇ ಬೆರಳು ಸುಟ್ಟಿತು. ಅವಳು ಬೆರಳನ್ನು ಬಾಯಿಗಿಟ್ಟು ಊದಿಕೊಂಡು ಮತ್ತೆ ಮುರಿದಳು.

ಅದನ್ನು ನೋಡಿದ ರಾಚಮ್ಮ ಮಂಡಿಗೆ ಕೈಕೊಟ್ಟು ಎದ್ದು, ರತ್ನಳ ಕೈಯಿಂದ ಗೊಜ್ಜಿನ ಪಾತ್ರೆ ಇಸಿದುಕೊಂಡು, ಸೌಟು ಹಿಡಿದು ತಮ್ಮನ ಹೆಂಡತಿಯ ಎದುರು ಬಗ್ಗಿ ನಿಂತಳು. ವಸಂತಮ್ಮ ತಲೆ ಎತ್ತಲಿಲ್ಲ. ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದಳು.