ಕೌದಿಯ ಹೊಟ್ಟೆ

ರೇವಣ್ಣ ಬ್ಲೇಡು ಎಳೆದ. ಕೌದಿಯ ನಟ್ಟನಡುವೆ ಹೊಲಿದಿದ್ದ ಅಂಗೈಯಗಲದ ಕೆಂಪು ತೇಪೆ ಬಾಯಿಬಿಟ್ಟಿತು. ಒಂದು ಹಿಡಿ ಅಕ್ಕಿ ಜಗುಲಿಯ ಮೇಲೆ ಸುರಿಯಿತು. ಅದರ ಹಿಂದೆಯೇ ನಾಲ್ಕಾರು ಹುಳಗಳು ಹೊರಬಿದ್ದು ಬಿಸಿಲಿಗೆ ಕಂಗಾಲಾಗಿ ಓಡಾಡಿದವು.

“ಏನ್ರೀ ಇದು, ಗುಲ್ಜಾರ್‌ಬೀ?”

“ಅಕ್ಕಿ,” ಎಂದಳು ಗುಲ್ಜಾರ್‌ಬೀ.

“ಅಕ್ಕಿ ಅಂತ ನಂಗೂ ಕಾಣ್ತೈತೆ ಕಣಮ್ಮ! ಇಲ್ಲಿ ಯಾಕೈತೆ?”

“ಹೊಟ್ಟೆಗೆ ಅಕ್ಕಿ ಹಾಕ್ದೆ ಮಣ್ಣು ಹಾಕ್ತಾರಾ?” ಎಂದು ಪಕ್ಕದಲ್ಲಿ ಕೂತಿದ್ದ ಓಬವ್ವ ಕಿಸಕ್ಕನೆ ನಕ್ಕಳು.

ಚನ್ನಗಿರಿಯ ಆ ಓಣಿಯಲ್ಲಿ ಕೌದಿ ಹೊಲಿಯುವವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಉಳಿಯುವ ಅಂಗೈಯಗಲದ ಜಾಗವೇ ಕೌದಿಯ ಹೊಟ್ಟೆ. ಅದಕ್ಕೆ ಹಿಡಿ ಅಕ್ಕಿ ಹಾಕಿ ತೇಪೆ ಮುಚ್ಚಿದರೇ ಕೆಲಸ ಮುಗಿದಂತೆ. ಹೊಟ್ಟೆ ಖಾಲಿ ಬಿಟ್ಟರೆ ಹೊದ್ದವರು ಹಸಿದುಕೊಂಡು ಏಳುತ್ತಾರೆ ಎಂದು ಗುಲ್ಜಾರ್‌ಬೀಗೆ ಅವಳ ಅಜ್ಜಿ ಹೇಳಿದ್ದಳು. ಇದನ್ನೆಲ್ಲ ರೇವಣ್ಣನಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಅವನು ಕೇಳುತ್ತಿದ್ದುದು ಒಂದೇ ಮಾತು: “ಯಾವಾಗ ಮುಗೀತೈತೆ?”

ರೇವಣ್ಣ ದಾವಣಗೆರೆಯ ಏಜೆಂಟ. ಗಿರಣಿಯ ತುಂಡುಬಟ್ಟೆಯ ಮೂಟೆ ತಂದು ಓಣಿಯಲ್ಲಿ ಸುರಿಯುತ್ತಿದ್ದ, ಹೊಲಿದ ಕೌದಿಗಳನ್ನು ಬೊಂಬಾಯಿಗೆ ಸಾಗಿಸುತ್ತಿದ್ದ. ಅಲ್ಲಿಂದ ಅವು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿದ್ದವು. ಇದಕ್ಕೆ ಅವನು ಇಟ್ಟಿದ್ದ ಹೆಸರು ‘ಕೈಕಸುಬಿನ ಉದ್ಧಾರ’. ಕೈ ಇವರದು, ಕಸುಬು ಇವರದು, ಉದ್ಧಾರ ಮಾತ್ರ ಅವನದು. ಸೈಕಲ್ಲಿನಲ್ಲಿ ಬರುತ್ತಿದ್ದವನು ಸ್ಕೂಟರಿಗೆ ಉದ್ಧಾರವಾಗಿ, ಈ ಎಂಬತ್ನಾಲ್ಕರ ಬೇಸಿಗೆಯಲ್ಲಿ ಮೆಟಡಾರಿಗೆ ಬಡ್ತಿ ಪಡೆದಿದ್ದ.

ಓಣಿಗೆ ಏನೂ ದಕ್ಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಲ್ಜಾರ್‌ಬೀಯ ಮಗಳು ಜೈನಾಬ್ ಮೊದಲು ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಧೂಳು ಎದೆಗಿಳಿದು, ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೌದಿ ಕೆಲಸ ಬಂದ ಮೇಲೆ ಬೀಡಿ ಮೊರ ಅಟ್ಟ ಸೇರಿತು, ಕೆಮ್ಮು ನಿಂತಿತು. ರೇವಣ್ಣ ಬಂದಾಗಲೆಲ್ಲ ಗುಲ್ಜಾರ್‌ಬೀ ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕುತ್ತಿದ್ದುದು ಆ ಕೃತಜ್ಞತೆಗೇ.

ಇವತ್ತು ಚಹಾ ಇರಲಿಲ್ಲ. ಮೆಟಡಾರಿನ ತುಂಬ ವಾಪಸು ಬಂದ ಕೌದಿಗಳಿದ್ದವು.

“ಜರ್ಮನಿಯೋರ ಅಂಗಡಿ ತುಂಬಾ ಹುಳ ಹರಿದಾವಂತೆ. ಪೂರ್ತಿ ಮಾಲು ವಾಪಸ್! ನನ್ನ ಮಾನ ಹಡಗಿನಾಗೆ ಹೋಗಿ ಹಡಗಿನಾಗೇ ಬಂತು.”

“ಮಾನಾನೂ ಎಸ್ಪೋಟು ಮಾಡಿದ್ರಾ ರೇವಣ್ಣಾರೆ?” ಎಂದಳು ಓಬವ್ವ. “ಅದ್ಕೇ ಇಲ್ಲಿ ಕಾಣ್ತಿರ್ಲಿಲ್ಲ.”

“ನಗಬ್ಯಾಡ್ರಿ. ಎಲ್ಲಾ ಬಿಚ್ರಿ, ಅಕ್ಕಿ ತೆಗೀರಿ, ಮತ್ತೆ ಹೊಲೀರಿ. ಕೂಲಿ ಕೇಳಂಗಿಲ್ಲ, ತಪ್ಪು ನಿಮ್ದು. ಇನ್ಮ್ಯಾಲೆ ಖಾಲಿ ಹೊಟ್ಟೆ.”

ಗುಲ್ಜಾರ್‌ಬೀಗೆ ಅರ್ಥವಾಗಲಿಲ್ಲ. “ಖಾಲಿ ಹೊಟ್ಟೆ ಕೌದಿ ಹೊದ್ಕಂಡು ಅವರು ಹೆಂಗ್ರೀ ಮಲಗ್ತಾರೆ?”

ರೇವಣ್ಣನಿಗೆ ಸಿಟ್ಟಿನಲ್ಲೂ ನಗು ಬಂತು. “ಯಾರವ್ವ ಹೊದ್ಕಳಾರು? ಗೋಡೆಗೆ ನೇತಾಕ್ತಾರೆ. ಬರೇ ನೋಡಾಕೆ.”

ಓಣಿಯ ಹೆಂಗಸರು ತಿಂಗಳ ಕೊನೆಯಲ್ಲಿ ಸೊಸೈಟಿ ಅಕ್ಕಿಯ ಡಬ್ಬಿ ಕೆರೆದು, ತಾವು ಮುದ್ದೆ ನುಂಗಿ, ಕೌದಿಗೆ ಅಕ್ಕಿ ಉಣಿಸಿದ ದಿನಗಳಿದ್ದವು. ಪ್ರತಿ ಸಲವೂ ಗುಲ್ಜಾರ್‌ಬೀ, ಇದನ್ನು ಹೊದೆಯುವ ಮಕ್ಕಳು ಹೊಟ್ಟೆತುಂಬ ಉಂಡಿರಲಿ ಎಂದು ಬಾಯಲ್ಲೇ ದುವಾ ಹೇಳಿಕೊಂಡಿದ್ದಳು.

“ಗೋಡೆಗಾ?” ಅವಳ ದನಿ ಸಣ್ಣಗಾಯಿತು. “ನನ್ನ ಮಗಳ ಬಾಯಿಂದ ತೆಗೆದು ಗೋಡೆಗೆ ಉಣ್ಸಿದ್ನಾ ನಾನು?”

“ಅದೇ ನಾನೂ ಹೇಳೋದು, ಗೋಡೆಗೆ ಹಸಿವಾಗಲ್ಲ. ಸುಮ್ನೆ ಹೊಲೀರಿ. ಆಗಲ್ಲ ಅಂದ್ರೆ ಹೇಳ್ರಿ, ಜಗಳೂರಾಗೆ ಇದರ ಅರ್ಧಕ್ಕೆ ಹೊಲಿಯಾರು ಅವ್ರೆ. ಅವರೂ ಆಗಲ್ಲ ಅಂದ್ರೆ ಇನ್ನೊಂದೂರು. ನಮ್ ದೇಶದಾಗೆ ಬಡವರಿಗೇನ್ ಬರಾನಾ?”

“ಅಗ್ಗ ಹುಡುಕ್ಕಂಡು ಜರ್ಮನಿಯೋರು ನಿಮ್ಮತ್ರ ಬಂದ್ರು, ನೀವು ನಮ್ಮತ್ರ ಬಂದ್ರಿ,” ಒಳಗಿನಿಂದ ಜೈನಾಬ್ ಹೊಸಿಲಿಗೆ ಬಂದು ನಿಂತಳು. “ಈಗ ಜಗಳೂರಾ? ಹಿಂಗೇ ಹೋಗ್ತಾ ಇರ್ರಿ. ಪುಕ್ಕಟೆ ಹೊಲಿಯೋ ಊರು ಸಿಕ್ರೆ ಅಲ್ಲೇ ಮನೆ ಮಾಡ್ರಿ.”

“ಬಾಯಿ ಜೋರೈತಲ್ಲಮ್ಮ! ಬೀಡಿ ಕಟ್ಟಿ ಕೆಮ್ತಾ ಇದ್ದಾಗ ಈ ಬಾಯಿ ಎಲ್ಲಿತ್ತು? ಬಿಡ್ಸಿದ್ದು ಯಾರು?”

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಗುಲ್ಜಾರ್‌ಬೀಗೆ ಮೈಯೆಲ್ಲ ಉರಿಯಿತು. ಅವಳು ಕೈಚಾಚಿ ರೇವಣ್ಣನ ಬ್ಲೇಡು ಕಿತ್ತುಕೊಂಡಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಅವಳು ಕೂತದ್ದು ಕೌದಿಗಳ ಮುಂದೆ.

ಒಂದೊಂದೇ ಹೊಟ್ಟೆ ಬಿಚ್ಚಿಕೊಂಡಿತು. ಮೊರದಲ್ಲಿ ಅಕ್ಕಿ ಏರತೊಡಗಿತು. ಓಬವ್ವ ಕೌದಿ ಎತ್ತಿಕೊಟ್ಟಳು, ಜೈನಾಬ್ ಕೊಡವಿ ಮಡಿಸಿದಳು. ಕೆಲಸ ಸಾಗಿತೆಂದು ರೇವಣ್ಣ ಸಿಗರೇಟು ಹಚ್ಚಿದ. ಚಹಾ ಇಲ್ಲವೇ ಎಂದು ಕೇಳಿದ. ಬ್ಲೇಡು ಇನ್ನೊಂದು ತೇಪೆ ಕಿತ್ತಿತು. ಕೊನೆಯ ಕೌದಿಯೂ ಬರಿದಾದಾಗ ಗುಲ್ಜಾರ್‌ಬೀ ಕೌದಿಗಳ ರಾಶಿಯನ್ನು ಅವನ ಕಾಲಬುಡಕ್ಕೆ ನೂಕಿದಳು.

“ತಗಂಡು ಹೋಗ್ರಿ.”

“ಹೊಲಿಗೆ?”

“ಬಟ್ಟೆ ನಿಮ್ದು, ದಾರ ನಿಮ್ದು. ಅಕ್ಕಿ ನಮ್ದು, ತಗಂಡ್ವಿ. ಹಸಿದ ಹೊಟ್ಟೆ ಮ್ಯಾಲೆ ತೇಪೆ ಹಾಕಾಕೆ ನಂಗೆ ಬರಲ್ಲ.”

“ಈ ಮನೆಗೆ ಇನ್ನೊಂದು ತುಂಡು ಬಟ್ಟೆ ಬರಲ್ಲ. ಮಗಳ ಮುಖ ನೋಡಿ ಮಾತಾಡ್ರಿ.”

ಗುಲ್ಜಾರ್‌ಬೀ ನಿಜಕ್ಕೂ ಮಗಳ ಮುಖ ನೋಡಿದಳು. ರಾಶಿಯನ್ನು ನೂಕಿದ್ದ ಕೈ ಅಲ್ಲೇ ನಿಂತಿತು. ಇನ್ನೇನು ಅದು ರಾಶಿಯನ್ನು ತನ್ನತ್ತ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಜೈನಾಬ್ ಒಳಗೆ ಹೋಗಿ ಅಟ್ಟದಿಂದ ಬೀಡಿ ಮೊರ ಇಳಿಸಿದಳು. ಬಾಗಿಲ ಚೌಕಟ್ಟಿಗೆ ಬಡಿದಳು. ಹಳೆಯ ಧೂಳು ಎದ್ದಿತು.

“ಕಳ್ಸಮ್ಮ ಅವರನ್ನ,” ಎಂದಳು ಮೂಗಿಗೆ ಸೆರಗು ಒತ್ತಿಕೊಂಡು.

ರೇವಣ್ಣ ಓಣಿಯತ್ತ ತಿರುಗಿದ. ಆಗ ಓಬವ್ವ ಎದ್ದಳು. ಇಷ್ಟು ಹೊತ್ತಿನ ತಮಾಷೆ ಅವಳ ಮುಖದಲ್ಲಿರಲಿಲ್ಲ.

“ನಂಗೆ ಕೊಡ್ರಿ. ನಾನು ಹೊಲೀತೀನಿ.” ಗುಲ್ಜಾರ್‌ಬೀಯನ್ನು ನೋಡದೆ ಹೇಳಿದಳು. “ಬೈಬ್ಯಾಡ ಬೂಬಮ್ಮ. ನಿಂಗೆ ರೋಷ ಐತೆ. ನಂಗೆ ಅದನ್ನ ಸಾಕಾಕೆ ಆಗಲ್ಲ, ಮನೆಯಾಗೆ ಆಗ್ಲೇ ಬಾಯಿ ಜಾಸ್ತಿ ಅವೆ.”

“ಬೈಯೋದಾದ್ರೆ ನಿಂಗ್ಯಾಕೆ ಬೈಲಿ?” ಎಂದಳು ಗುಲ್ಜಾರ್‌ಬೀ. ಕಿತ್ತ ತೇಪೆಗಳನ್ನೆಲ್ಲ ಒಟ್ಟುಮಾಡಿ ಅವಳ ಕೈಗಿಟ್ಟಳು.

ಓಬವ್ವ ಕೌದಿಗಳ ಒಂದು ಗಂಟು ಕಂಕುಳಿಗೆ ಏರಿಸಿದಳು. ರೇವಣ್ಣ ಉಳಿದವನ್ನು ಗಾಡಿಗೆ ಎಸೆಯುತ್ತ ಬೆನ್ನು ಮಾಡಿದ್ದ. ಅವಳು ಅಕ್ಕಿಯ ಮೊರದ ಹತ್ತಿರ ಬಾಗಿ, ಬೊಗಸೆ ತುಂಬಿ, ಸೆರಗಿನ ತುದಿಗೆ ಬಿಗಿಯಾಗಿ ಗಂಟುಹಾಕಿಕೊಂಡಳು. ಗುಲ್ಜಾರ್‌ಬೀ ನೋಡಿದಳು. ಬೇರೆ ಕಡೆ ತಿರುಗಿದಳು.

ಮೆಟಡಾರು ಹೋಯಿತು. ಗುಲ್ಜಾರ್‌ಬೀ ಉಳಿದ ಅಕ್ಕಿಯನ್ನು ಪಾತ್ರೆಗೆ ಸುರಿದು ನೀರು ಹಾಕಿದಳು. ಹುಳಗಳು ತೇಲಿದವು, ಚೆಲ್ಲಿದಳು. ಹಡಗಿನ ತೇವಕ್ಕೆ ಗಿರಣಿ ಬಟ್ಟೆಯ ಬಣ್ಣ ಅಕ್ಕಿಗೆ ಹತ್ತಿತ್ತು. ಎರಡನೆಯ ನೀರು ಕೆಂಪಗೆ ಬಂತು. ಅದನ್ನೂ ಚೆಲ್ಲಿ ಕಾಳುಗಳನ್ನು ಅಂಗೈಯಲ್ಲಿ ತಿಕ್ಕಿದಳು. ಒಳಗೆ ಜೈನಾಬ್ ಕೆಮ್ಮಿದಳು. ಗುಲ್ಜಾರ್‌ಬೀ ಮತ್ತೆ ನೀರು ಹಾಕಿದಳು. ಮತ್ತೆ ಕೆಂಪು.