ಜೋಡಿ ಜರ್ಸಿ

ಎರಡನೆಯ ಜರ್ಸಿ ಹೊಟ್ಟೆಯ ಮೇಲೆ ಬಂದು ನಿಂತುಬಿಟ್ಟಿತು. ಶರಣು ಉಸಿರು ಒಳಗೆಳೆದುಕೊಂಡು ಕೆಳಕ್ಕೆ ಜಗ್ಗಿದ. ಒಳಗೆ ಕಬಡ್ಡಿಯ ಕೆಂಪು, ಅದರ ಮೇಲೆ ವಾಲಿಬಾಲಿನ ನೀಲಿ, ಎಲ್ಲಕ್ಕೂ ಮೇಲೆ ಕಾಮರ್ಸ್ ಮೇಷ್ಟ್ರಿಗೆ ತಕ್ಕ ಬಿಳಿ ಅಂಗಿ.

"ಇಂಥಾ ಸೆಕಿಯೊಳಗ ಎರಡೆರಡು ಯಾಕ್ರೀ?" ಎಂದಳು ಹೆಂಡತಿ ದಾಕ್ಷಾಯಣಿ.

"ಎರಡೂ ಕಡೆ ಆಡಾಕ ಕರೀತಾರ."

"ಕರದಾರೇನು?"

"ಕರೀತಾರ" ಎಂದವನೇ ಚಪ್ಪಲಿ ಬಿಟ್ಟು ಬೂಟು ಹುಡುಕಿದ.

ವಿದ್ಯಾರಣ್ಯಪುರದಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಕೂತವನಿಗೆ ನಗು ಬಂತು. ಅಂತರ್‌ಕಾಲೇಜು ಫೈನಲ್ಲಿನ ದಿನ ಹೀಗೇ ಎರಡನ್ನೂ ತೊಟ್ಟಿದ್ದ. ವಾಲಿಬಾಲ್ ಗೆದ್ದು, ಬೇವಿನ ಮರದ ಕೆಳಗೆ ನೀಲಿ ಕಳಚಿ, ಕೆಂಪಿನಲ್ಲಿ ಕಬಡ್ಡಿ ಅಂಕಣಕ್ಕೆ ಓಡಿದ್ದ. ಕಾಲೇಜಿಗೆ ಕಾಲೇಜೇ ಅವನ ಹಿಂದೆ ಓಡಿತ್ತು. ಮುಂದೆ ಕ್ರೀಡಾಪಟುಗಳಿಗೆ ಕೆಲಸ ಕೊಡುವವರು ಬಂದರು. ಇವನು ಕಬಡ್ಡಿಯವನು ಎಂದು ವಾಲಿಬಾಲಿನವರು ಬಿಟ್ಟರು. ವಾಲಿಬಾಲಿನವನು ಎಂದು ಕಬಡ್ಡಿಯವರು ಬಿಟ್ಟರು. ಇಬ್ಬರೂ ಹೊಗಳಿಯೇ ಬಿಟ್ಟರು. ಶರಣು ಎಂ.ಕಾಂ. ಓದಿದ.

ಇವತ್ತು ಅದೇ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳ ದಿನ. ನಲವತ್ತು ದಾಟಿದ ಗಂಡಸಿಗೆ ಒಂದೇ ಒಂದು ಆಸೆಯಿತ್ತು: ಯಾರಾದರೂ ಹೆಸರು ಹಿಡಿದು ಕೂಗಬೇಕು, ಇಳಿಯೋ ಎನ್ನಬೇಕು. ಯಾವ ಅಂಕಣವಾದರೂ ಸರಿಯೆ. ತಾನಾಗಿ ಕೇಳಲು ಮಾತ್ರ ನಾಚಿಕೆ.

ಮೈದಾನದಲ್ಲಿ ಎರಡೂ ಅಂಕಣಗಳಿಗೆ ಅಕ್ಕಪಕ್ಕದಲ್ಲೇ ಸುಣ್ಣ ಎಳೆದಿದ್ದರು. ಎರಡೂ ಆಟ ಒಂದೇ ಹೊತ್ತಿಗೆ.

"ಏನ್ ಶರಣು, ಕಬಡ್ಡಿಗೆ ರೆಡಿನಾ?" ಎಂದ ಆಗಿನ ವಾಲಿಬಾಲ್ ಕ್ಯಾಪ್ಟನ್ ನಿರಂಜನ್.

"ನಿಮ್ಗೆ ಆರು ಜನ ಆದ್ರಾ?"

"ಆಯ್ತಲ್ಲ. ನೀನ್ ಹೆಂಗಿದ್ರೂ ಆ ಕಡೆ ಅಲ್ವಾ?"

ಅಲ್ಲ ಎನ್ನಬಹುದಿತ್ತು. "ಹೌದೌದು" ಎಂದುಬಿಟ್ಟ. ಥೂ ನನ್ನ ನಾಲಿಗೆಯೇ, ಎಂದು ಬೈದುಕೊಳ್ಳುತ್ತ ಆ ಕಡೆ ನಡೆದ.

ಕಬಡ್ಡಿ ತಂಡದ ಅನಂತರಾಜು ಈಗ ಚಿಕ್ಕಜಾಲದ ಬಿಲ್ಡರ್. ಆಗಲೇ ತೊಡೆ ತಟ್ಟುತ್ತಿದ್ದ. "ಲೇ ಮಗಾ, ಇನ್ನೂ ಇಲ್ಲೇ ಇದ್ದೀಯಾ? ನೆಟ್ ಹತ್ರ ಶುರು ಆಗೋಯ್ತು, ಓಡು!"

"ನಿಮ್ಮಲ್ಲಿ ಏಳು ಜನ...?"

"ಆದ್ರು ಕಣೋ. ನಿನ್ ಹೆಸ್ರು ಯಾರೋ ಅಂದ್ರು, ನಾನೇ ಬೇಡ ಅಂದೆ. ಆ ನಿರಂಜನ್ ಬಿಟ್ಟಾನಾ ನಿನ್ನ? ಊಟ ಆಯ್ತಾ?"

"ಆಯ್ತು."

ಆಗಿರಲಿಲ್ಲ.

ಎರಡು ಅಂಕಣಗಳ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಶರಣು ನಿಂತ. ಬಲಕ್ಕೆ ನೆಟ್ಟಿನ ಬುಡದಲ್ಲಿ ಹೊಟ್ಟೆ ಬಂದ ಗೆಳೆಯರು ಎರಡೂ ಕೈ ಎತ್ತಿ ಚೆಂಡು ತಡೆಯಲು ಹಾರುತ್ತಿದ್ದರು, ಅಥವಾ ಹಾರಿದೆವೆಂದುಕೊಳ್ಳುತ್ತಿದ್ದರು. ಎಡಕ್ಕೆ ಔಟಾದವರು ಕೈ ಎತ್ತಿಕೊಂಡು ಗೆರೆ ದಾಟಿ ಬರುತ್ತಿದ್ದರು. ಒಮ್ಮೆ ಚೆಂಡು ಅವನ ಕಾಲಬಳಿಗೇ ಉರುಳಿತು. ಎತ್ತಿ ಕೊಟ್ಟ. "ಥ್ಯಾಂಕ್ಸ್ ಸರ್" ಎಂದಿತು ಗುರುತಿಲ್ಲದ ಮುಖ. ಅಂಗಿಯೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಳು ಬರುವಷ್ಟು ಒಂಟಿಯೆನಿಸಿತು. ಅವನು ಚಪ್ಪಾಳೆ ತಟ್ಟಿದ, ಎರಡೂ ಕಡೆಗೆ.

ಆಟ ಮುಗಿದಾಗ ನಿರಂಜನ್ ಮೊಬೈಲು ಕೈಗಿಟ್ಟ. "ಒಂದ್ ಗ್ರೂಪ್ ಫೋಟೋ ತೆಗಿ ಗುರು. ನೀನ್ ಕಬಡ್ಡಿಯವ್ರ ಫೋಟೋದಲ್ಲಿ ಬರ್ತೀಯಲ್ಲ."

ತೆಗೆದ. ಅನಂತರಾಜು ಕರೆದ, ಅವರದನ್ನೂ ತೆಗೆದ. ಎರಡರಲ್ಲೂ ಎಲ್ಲರೂ ಚೆನ್ನಾಗಿ ಬಂದಿದ್ದರು.

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಚಿಲಕ ಹಾಕಿ ಅಂಗಿ ಬಿಚ್ಚಿದ. ನೀಲಿಯನ್ನು ಮೇಲಕ್ಕೆಳೆದರೆ ಕೆಂಪೂ ಜೊತೆಗೇ ಬಂತು. ನೆನೆದು ಒಂದಕ್ಕೊಂದು ಅಂಟಿದ್ದವು. ಹೊಟ್ಟೆ ದಾಟಿ, ಮುಖ ಮುಚ್ಚಿ, ಮೊಣಕೈಗಳ ಹತ್ತಿರ ಬಿಗಿಯಾದವು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಉಸಿರಿಗೆ ಹಳೆಯ ಪೆಟ್ಟಿಗೆಯ ನುಸಿಗುಳಿಗೆ ವಾಸನೆ.

ಯಾರೋ ಬಾಗಿಲು ಬಡಿದರು. ವಾಚ್‌ಮನ್ ದನಿ. "ಒಳಗೆ ಯಾರ್ ಸಾರ್? ಬೀಗ ಹಾಕ್ಬೇಕು."

ಶರಣು ಬಾಯಿ ತೆರೆದ. ಬಟ್ಟೆ ಬಾಯಿಗೆ ಬಂತು.

"ಯಾವ್ ಟೀಮ್ ಸಾರ್ ನೀವು?"

ಕಣ್ಣಿಗೆ ಕೆಂಪೂ ಕಾಣದ, ನೀಲಿಯೂ ಕಾಣದ ಕತ್ತಲಲ್ಲಿ ಅವನು ಎರಡೂ ಕೈ ಮೇಲೆತ್ತಿಕೊಂಡು ನಿಂತೇ ಇದ್ದ.